ಇಳಿಜಾರಿನ ಪೇಟೆಬೀದಿ: ನಾವು ಅಳೆಯಲು ಮರೆತ ಹೊಸ್ತಿಲುಗಳು

ಮಲೆನಾಡಿನ ಒಂದು ಪೇಟೆಬೀದಿಗೆ ಪಾದಚಾರಿ ಮಾರ್ಗ ಮಾಡುವ ಕೆಲಸ ನಮ್ಮ ತಂಡಕ್ಕೆ ಬಂದಿತ್ತು. 120 ಮೀಟರ್ ಉದ್ದ, 9 ಮೀಟರ್ ಇಳಿತ. ಹತ್ತು ಮೀಟರಿಗೊಂದರಂತೆ ಲೆವೆಲ್, ಅಂದರೆ ನೆಲದ ಎತ್ತರದ ಅಳತೆ, ತೆಗೆದು, ಕಚೇರಿಯಲ್ಲಿ ಕುಳಿತು ಚೆಂದದ ನಕ್ಷೆ ಬರೆದೆವು. ನಡೆಯಲು 1.8 ಮೀಟರ್ ಅಗಲ, ಅಂಚುಗಲ್ಲಿನ ಎತ್ತರ 15 ಸೆಂಟಿಮೀಟರ್. ಇಳಿಜಾರು 1:12ರ (ಹನ್ನೆರಡು ಮೀಟರ್ ಸಾಗಿದರೆ ಒಂದು ಮೀಟರ್ ಇಳಿತ) ಮಿತಿಯೊಳಗಿದೆ ಎಂಬ ಸಮಾಧಾನ ಬೇರೆ. ಗಾಲಿಕುರ್ಚಿಯವರಿಗೆ ಅಂಥ ಇಳುಕಲು ಒಂಬತ್ತು ಮೀಟರ್ ಸಾಗಿದ ಮೇಲೆ ಸಮತಟ್ಟಾದ ತಂಗು ಬೇಕೆಂಬುದನ್ನು ಮರೆತಿದ್ದೆವು.

ಅದಕ್ಕಿಂತ ದೊಡ್ಡ ತಪ್ಪು ಕಲ್ಲು ಹಾಸಿದ ಮೇಲೆ ಕಂಡಿತು. ಒಂದೊಂದು ಅಂಗಡಿಯ ಮುಖ ಸುಮಾರು 3 ಮೀಟರ್. ಅಷ್ಟು ದೂರದಲ್ಲಿ ಹಾದಿ 22 ಸೆಂಟಿಮೀಟರಿಗೂ ಹೆಚ್ಚು ಇಳಿಯುತ್ತದೆ, ಅಂಗಡಿಯ ನೆಲ ಇಳಿಯುವುದಿಲ್ಲ! ಮೇಲ್ತುದಿಯಲ್ಲಿ ಹೊಸ್ತಿಲಿಗೆ ಸಮ, ಕೆಳತುದಿಯಲ್ಲಿ ಒಂದೂವರೆ ಮೆಟ್ಟಿಲಿನ ಎತ್ತರ. ವಾರದೊಳಗೆ ಎಲ್ಲರೂ ತಮ್ಮ ತಮ್ಮ ಮೆಟ್ಟಿಲು ಇಟ್ಟುಕೊಂಡರು: ಒಬ್ಬರದು ಸೈಜುಗಲ್ಲು, ಒಬ್ಬರದು ಇಟ್ಟಿಗೆ, ಸ್ಕೂಟರ್ ಒಳಗಿಡುವವರದು ಕಬ್ಬಿಣದ ಹಲಗೆ. ನಡೆಯುವವರು ಮತ್ತೆ ರಸ್ತೆಗಿಳಿದರು. ಒತ್ತುವರಿಯೆಂದು ನಾನು ರೇಗಿದಾಗ ಕಿರಾಣಿ ಅಂಗಡಿಯ ಹಿರಿಯರು ತಣ್ಣಗೆ ಕೇಳಿದರು: "ಸಾರ್, ಕೆಳಗಿನಿಂದ ಹತ್ತಿ ಬರುವವರು ನನ್ನ ಗಿರಾಕಿಗಳಲ್ಲವೇ?"

ಎರಡನೆಯ ಸಲ ಲೆವೆಲ್ ಕೋಲು ಹಿಡಿದು ಪ್ರತಿ ಹೊಸ್ತಿಲಿನ ಎರಡೂ ತುದಿಗಳನ್ನು ಅಳೆದೆವು. ಮೂರು ಅಂಗಡಿಗಳ ನೆಲ ನಮ್ಮ ಹಾದಿಗಿಂತ ಕೆಳಗಿತ್ತು. ಮಳೆಗಾಲಕ್ಕೆ ಮೊದಲೇ ಗೊತ್ತಾದದ್ದು ಪುಣ್ಯ. ಒಂದು ಬದಿಯ ವಾಹನ ನಿಲುಗಡೆ ತೆಗೆಸಿ, ಹಾದಿಯನ್ನು ಆ ಜಾಗದತ್ತ ಸರಿಸಿ, ಅಂಗಡಿ ಗೋಡೆಗೆ ತಾಗಿದಂತೆ 60 ಸೆಂಟಿಮೀಟರಿನ ಪಟ್ಟಿ ಬಿಟ್ಟೆವು. ಎತ್ತರ ತಗ್ಗುಗಳ ಜಗಳವೆಲ್ಲ ಅದರೊಳಗೇ ಮುಗಿಯಬೇಕು. ಮೆಟ್ಟಿಲು ಅಲ್ಲಿಂದ ಹೊರಗೆ ಬರುವಂತಿಲ್ಲ. ನಡೆಯುವ ಹಾದಿ ಒಟ್ಟಾರೆ ರಸ್ತೆಯ ಇಳಿಜಾರನ್ನೇ ಅನುಸರಿಸಿತು, ಅಡ್ಡ ಇಳಿಜಾರು (ಹಾದಿಯ ಅಗಲಕ್ಕೆ ಇರುವ ಓರೆ) ಶೇಕಡಾ 2ಕ್ಕಿಂತ ಹೆಚ್ಚಿಲ್ಲ. ಒಂಬತ್ತು ಮೀಟರಿಗೊಂದು ಸಮತಟ್ಟು ತಂಗು ಬಂತು. ನಿಲುಗಡೆ ಹೋದದ್ದಕ್ಕೆ ಬೈಗುಳ ಸಾಕಷ್ಟು ತಿಂದೆವು.

ಶಿಮ್ಲಾದಲ್ಲಿ ಕೆಳಗಿನ ಕಾರ್ಟ್ ರಸ್ತೆಯಿಂದ ಮಾಲ್ ರಸ್ತೆಗೆ ಲಿಫ್ಟ್ ಇದೆ. ನಮ್ಮ ಪೇಟೆಗೆ ಆ ಭಾಗ್ಯವಿಲ್ಲ; ಏದುಸಿರು ಬಿಡುವವರಿಗೆ ಎರಡು ತಂಗುಗಳಲ್ಲಿ ಕಲ್ಲುಬೆಂಚು ಹಾಕಿಸಿದೆವು. ಅವುಗಳಲ್ಲಿ ಒಂದು ಈಗ ಹೂವು ಮಾರುವವರ ಪಾಲಾಗಿದೆ.

ಪಾಚಿ ಮಾತ್ರ ಬಗೆಹರಿದಿಲ್ಲ. ನಯವಾದ ಗ್ರಾನೈಟ್ ಬೇಡವೆಂದು ಮೇಲ್ಮೈಗೆ ಬೆಂಕಿಯ ಜ್ವಾಲೆ ಹಾಯಿಸಿ ಒರಟು ಮಾಡಿದ ಕಲ್ಲನ್ನೇ ಹಾಕಿಸಿದ್ದೆವು. ಆದರೂ ಆಷಾಢದಲ್ಲಿ ಸೂರಿನ ನೀರು ಬೀಳುವ ಕಡೆ ಜಾರುತ್ತದೆ. ಈ ಬೇಸಿಗೆಯಲ್ಲಿ ಸೂರುಗಳಿಗೆ ಮಳೆನೀರು ಹಿಡಿಯುವ ದೋಣಿ ಕಟ್ಟಿಸಿ, ಕೊಳವೆಯಲ್ಲಿ ನೀರನ್ನು ನೇರವಾಗಿ ಚರಂಡಿಗೆ ಇಳಿಸುವ ಕೆಲಸವಿದೆ.