ಸ್ನೋ, ಸ್ಲೀಟ್, ಮಳೆ: ಎರಡು ಕಿಲೋಮೀಟರ್ ಮೇಲಿನ ಲೆಕ್ಕ

ಅಮೆರಿಕದ ಉತ್ತರ ಕೆರೊಲೈನಾ ರಾಜ್ಯದ ರಾಲಿ, ಗ್ರೀನ್ಸ್‌ಬೊರೊ ಕಡೆ ಚಳಿಗಾಲದ ಬಿರುಗಾಳಿ ಬಂದಾಗ ಎಷ್ಟು ನೀರು ಬೀಳುತ್ತದೆ ಎಂದು ಹೇಳುವುದು ಅಷ್ಟು ಕಷ್ಟವಲ್ಲ. ಆ ನೀರು ಯಾವ ರೂಪದಲ್ಲಿ ಬೀಳುತ್ತದೆ ಎಂಬುದೇ ತಲೆನೋವು. 25 ಮಿ.ಮೀ. ನೀರು ಹಿಮವಾದರೆ ಸುಮಾರು 25 ಸೆಂ.ಮೀ., ಸ್ಲೀಟ್ (ಕರಗಿ ಮತ್ತೆ ಗಟ್ಟಿಯಾದ ಪುಟ್ಟ ಮಂಜುಗಡ್ಡೆ ಕಾಳುಗಳು) ಆದರೆ ಏಳೆಂಟು ಸೆಂ.ಮೀ. ಫ್ರೀಜಿಂಗ್ ರೇನ್ (ನೀರಾಗಿ ಬಿದ್ದು, ತಾಗಿದಲ್ಲೇ ಹೆಪ್ಪುಗಟ್ಟುವ ಮಳೆ) ಆದರಂತೂ ಮರ, ಕರೆಂಟ್ ತಂತಿಗಳ ಮೇಲೆಲ್ಲ ಮಂಜುಗಡ್ಡೆ. 2002ರ ಡಿಸೆಂಬರ್ 4-5ರಂದು ಇಲ್ಲಿ ಲಕ್ಷಾಂತರ ಮನೆಗಳು ಕತ್ತಲಾದದ್ದು ಹಾಗೆಯೇ.

ಮುನ್ಸೂಚನೆಗೆ ಹೊಸಬರು ಮೊದಲು ಹುಡುಕುವುದು 850 ಮಿಲಿಬಾರ್ ನಕ್ಷೆಯ, ಅಂದರೆ ಗಾಳಿಯ ಒತ್ತಡ ಅಷ್ಟಿರುವ ಸುಮಾರು ಒಂದೂವರೆ ಕಿ.ಮೀ. ಎತ್ತರದ ನಕ್ಷೆಯ, ಸೊನ್ನೆ ಡಿಗ್ರಿ ಗೆರೆ. ಅದೊಂದೇ ಸಾಲದು. ದಕ್ಷಿಣದಿಂದ ನುಗ್ಗುವ ಬೆಚ್ಚನೆಯ ಗಾಳಿ ಎಷ್ಟೋ ಸಲ 800-750 ಮಿಲಿಬಾರ್‌ನಲ್ಲಿ, ಅಂದರೆ ಎರಡು-ಎರಡೂವರೆ ಕಿ.ಮೀ. ಎತ್ತರದಲ್ಲಿ ಕೂತಿರುತ್ತದೆ. 850ರಲ್ಲಿ ಮೈನಸ್ 1 ಇದ್ದರೂ ಅಲ್ಲಿ ಪ್ಲಸ್ 2 ಇರಬಹುದು. ಹಾಗಾಗಿ ಬಲೂನ್ ಸೌಂಡಿಂಗನ್ನು (ಬಲೂನ್ ಏರುತ್ತಾ ಅಳೆದ ಉಷ್ಣಾಂಶ, ತೇವಾಂಶಗಳ ದಾಖಲೆಯನ್ನು) ಬುಡದಿಂದ ತುದಿಯವರೆಗೆ ಓದಬೇಕು. ಆ ಬೆಚ್ಚನೆಯ ಪದರದ ಗರಿಷ್ಠ ಉಷ್ಣಾಂಶ 1 ಡಿಗ್ರಿಯೊಳಗಿದ್ದರೆ ಹಿಮ ಬಹುಪಾಲು ಉಳಿಯುತ್ತದೆ. 1ರಿಂದ 3 ಇದ್ದರೆ ಅರ್ಧ ಕರಗಿ, ಕೆಳಗಿನ ಚಳಿಯಲ್ಲಿ ಮತ್ತೆ ಗಟ್ಟಿಯಾಗಿ ಸ್ಲೀಟ್ ಆಗುತ್ತದೆ. 3 ದಾಟಿದರೆ ಪೂರ್ತಿ ಕರಗುತ್ತದೆ. ಆಗ ನೆಲದ ಉಷ್ಣಾಂಶ ಸೊನ್ನೆಗಿಂತ ಕೆಳಗಿದ್ದರೆ ಫ್ರೀಜಿಂಗ್ ರೇನ್, ಮೇಲಿದ್ದರೆ ಬರೀ ಮಳೆ. ಕೆಳಗಿನ ಚಳಿ ಪದರ 750 ಮೀಟರಿಗಿಂತ ದಪ್ಪವಿದ್ದರೆ ಸ್ಲೀಟಿನ ಕಡೆಗೆ ವಾಲಬಹುದು. ಇವು ಗಡಿರೇಖೆಗಳಲ್ಲ, ಅಂದಾಜುಗಳು.

ಮೋಡದ ತುದಿಯನ್ನು ಮರೆಯುವವರೇ ಹೆಚ್ಚು. ಬಿರುಗಾಳಿಯ ಬಾಲದಲ್ಲಿ ಮೇಲೆ ಒಣಗಾಳಿ ನುಗ್ಗಿ, ತುದಿಯ ಉಷ್ಣಾಂಶ ಮೈನಸ್ 10ಕ್ಕಿಂತ ಬೆಚ್ಚಗಾದರೆ ಹಿಮದ ಹರಳುಗಳು ಬಹುತೇಕ ಹುಟ್ಟುವುದಿಲ್ಲ. ಕೆಳಗೆ ಎಷ್ಟೇ ಚಳಿಯಿದ್ದರೂ ಆಗ ಬೀಳುವುದು ಹೆಪ್ಪುಗಟ್ಟುವ ತುಂತುರು.

ನೆಲದ ಥರ್ಮಾಮೀಟರ್ ನೋಡಿ 'ಇನ್ನೂ 3 ಡಿಗ್ರಿ ಇದೆ, ಮಳೆಯೇ' ಎನ್ನುವುದು ಇನ್ನೊಂದು ಎಡವಟ್ಟು. ನೋಡಬೇಕಾದ್ದು ವೆಟ್ ಬಲ್ಬ್, ಅಂದರೆ ನೀರು ಆವಿಯಾಗುತ್ತಾ ಗಾಳಿ ಎಷ್ಟರವರೆಗೆ ತಣ್ಣಗಾಗಬಲ್ಲದೋ ಆ ಉಷ್ಣಾಂಶ. 3 ಡಿಗ್ರಿ ಉಷ್ಣಾಂಶಕ್ಕೆ ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟಲು ಶುರುವಾಗುವ ಉಷ್ಣಾಂಶ; ಕಡಿಮೆಯಿದ್ದಷ್ಟೂ ಗಾಳಿ ಒಣ) ಮೈನಸ್ 8 ಇದ್ದರೆ ವೆಟ್ ಬಲ್ಬ್ ಆಗಲೇ ಸೊನ್ನೆಗಿಂತ ಕೆಳಗಿರುತ್ತದೆ. ಹನಿ ಆವಿಯಾಗುತ್ತಾ ಗಾಳಿಯನ್ನು ಅಲ್ಲಿಗೇ ಎಳೆಯುತ್ತದೆ.

ಆ ಒಣ ಚಳಿಗಾಳಿ ಬರುವುದೆಲ್ಲಿಂದ? ಕ್ವಿಬೆಕ್ ಅಥವಾ ನ್ಯೂ ಇಂಗ್ಲೆಂಡ್ ಮೇಲಿನ ಅಧಿಕ ಒತ್ತಡದಿಂದ ಇಳಿದು, ಅಪಲಾಚಿಯನ್ ಬೆಟ್ಟಗಳು ಅಡ್ಡಗಟ್ಟುವುದರಿಂದ ಪೂರ್ವದ ತಪ್ಪಲಲ್ಲಿ ಶೇಖರವಾಗುತ್ತದೆ. ಹವಾಮಾನದ ಕಂಪ್ಯೂಟರ್ ಮಾಡೆಲ್‌ಗಳು ಎಷ್ಟೋ ಸಲ ಈ ಚಳಿಯನ್ನು ತಮ್ಮ ಲೆಕ್ಕದಲ್ಲಿ ಬೇಗ ಖಾಲಿ ಮಾಡಿಬಿಡುತ್ತವೆ. ಅವನ್ನು ಪೂರ್ತಿ ನಂಬಬೇಡಿ. ಆದರೆ ಅಧಿಕ ಒತ್ತಡ ಸಾಗರದ ಕಡೆ ಜಾರಿದ್ದರೆ ಹೊಸ ಚಳಿಯ ಪೂರೈಕೆ ನಿಲ್ಲುತ್ತದೆ. ನೀರು ಹೆಪ್ಪುಗಟ್ಟುವಾಗ ಬಿಡುವ ಶಾಖವೇ ಆಗ ನೆಲವನ್ನು ಸೊನ್ನೆಗೆ ಏರಿಸಿ ಫ್ರೀಜಿಂಗ್ ರೇನನ್ನು ಮಳೆಯಾಗಿಸುತ್ತದೆ.

ಬಲೂನ್ ಹಾರುವುದು 12 ಗಂಟೆಗೊಮ್ಮೆ. ನಡುವೆ ವಿಮಾನಗಳು ಅಳೆದ ಉಷ್ಣಾಂಶ, ಡ್ಯುಯಲ್-ಪೋಲ್ ರೇಡಾರ್ (ಅಡ್ಡ, ಉದ್ದ ಎರಡೂ ಬಗೆಯ ಅಲೆ ಕಳಿಸುವ ರೇಡಾರ್) ಆಸರೆ. ಬೀಳುವ ಕಣಗಳು ಎಷ್ಟು ಒಂದೇ ತೆರನಾಗಿವೆ ಎಂದು ಅದು ಹೇಳುವ ಕೋರಿಲೇಶನ್ ಕೋಎಫಿಶಿಯೆಂಟ್ ಎಂಬ ಅಂಕಿ ಹಿಮದಲ್ಲೂ ಮಳೆಯಲ್ಲೂ 0.97ರ ಮೇಲಿದ್ದು, ಕರಗುವ ಪದರದಲ್ಲಿ 0.9ರ ಆಸುಪಾಸಿಗೆ ಕುಸಿಯುತ್ತದೆ. ಆ ಪಟ್ಟಿ ಉತ್ತರಕ್ಕೆ ಸರಿದಂತೆ ಸ್ಲೀಟೂ ಸರಿಯುತ್ತದೆ. ರೇಡಾರಿನಿಂದ 100 ಕಿ.ಮೀ. ದೂರದಲ್ಲಿ ಅತಿ ಕೆಳಗಿನ ಕಿರಣವೂ ಒಂದೂವರೆ ಕಿ.ಮೀ. ಎತ್ತರದಲ್ಲಿರುವುದರಿಂದ ನೆಲದಲ್ಲೇನಾಗುತ್ತಿದೆ ಎಂದು ಅದು ಹೇಳದು. ವಿಮಾನ ನಿಲ್ದಾಣಗಳ ಸ್ವಯಂಚಾಲಿತ ಹವಾಮಾನ ಯಂತ್ರಗಳೂ ಸ್ಲೀಟನ್ನು ತಾವಾಗಿ ಗುರುತಿಸವು. ಜನರಿಗೆ ಫೋನ್ ಮಾಡಿ ಕೇಳುವುದೇ ದಾರಿ.

ಇನ್ನು ಫೋನ್ ಆ್ಯಪಿನ '10 ಇಂಚು ಸ್ನೋ' ನಕ್ಷೆಗಳು: ಅವುಗಳಲ್ಲಿ ಎಷ್ಟೋ, ಸ್ಲೀಟನ್ನೂ ಹಿಮವೆಂದೇ ಎಣಿಸಿ ಒಂದಕ್ಕೆ ಹತ್ತು ಪಟ್ಟು ಲೆಕ್ಕ ಹಾಕಿದವು.