ಯಂತ್ರದ ಕಣ್ಣು: ವಿಡಿಯೊ ಪ್ರಬಂಧದ ಕೆಲಸ ಎಲ್ಲಿಗೆ ಬಂತು

ಬುದ್ಧಿಯುಳ್ಳ ಯಂತ್ರಗಳನ್ನು ಸಿನಿಮಾ ಮತ್ತು ಟಿ.ವಿ.ಗಳು ಹೇಗೆ ತೋರಿಸುತ್ತ ಬಂದಿವೆ ಎಂಬುದರ ಕುರಿತು ನಾನು ಸಿದ್ಧಪಡಿಸುತ್ತಿರುವ ಕನ್ನಡ ವಿಡಿಯೊ ಪ್ರಬಂಧದ ಮೊದಲರ್ಧದ ಸಂಕಲನ ಈ ವಾರ ಮುಗಿಯಿತು. ವಿಷಯ ವಿಶಾಲವಾದದ್ದರಿಂದ ಒಂದೇ ಪ್ರಶ್ನೆಯನ್ನು ಹಿಡಿದಿದ್ದೇನೆ: ತೆರೆಯ ಮೇಲಿನ ಯಂತ್ರ ಯೋಚಿಸುತ್ತಿದೆ ಎಂದು ನೋಡುವವರಿಗೆ ಅನ್ನಿಸುವುದು ಯಾವುದರಿಂದ? ಮೊದಲರ್ಧದಲ್ಲಿ ಸಿಕ್ಕಿರುವ ಉತ್ತರ, ಬಹುಮಟ್ಟಿಗೆ, ಕಣ್ಣು.

ಫ್ರಿಟ್ಜ್ ಲ್ಯಾಂಗ್ ನಿರ್ದೇಶನದ 'ಮೆಟ್ರೊಪೊಲಿಸ್' (1927) ಚಿತ್ರದಲ್ಲಿ ಲೋಹದ ಬೊಂಬೆಯ ಸುತ್ತ ಬೆಳಕಿನ ಬಳೆಗಳು ಏರಿಳಿಯುವ ದೃಶ್ಯವನ್ನು ಎಲ್ಲರೂ ಬಳಸುತ್ತಾರೆ. ನಾನು ಅದನ್ನು ಕೆಲವೇ ಕ್ಷಣಗಳಿಗೆ ಇಳಿಸಿ, ನಂತರ ಆ ಬೊಂಬೆ ನಾಯಕಿ ಮರಿಯಾಳ ರೂಪ ತಾಳಿ ಬರುವ ನಕಲಿ ಮರಿಯಾಳ ಮುಖಕ್ಕೆ ಹೆಚ್ಚು ಸಮಯ ಕೊಟ್ಟಿದ್ದೇನೆ. ಅಸಲಿ ಮತ್ತು ನಕಲಿ ಎರಡೂ ಪಾತ್ರಗಳನ್ನು ಬ್ರಿಗಿಟ್ಟೆ ಹೆಲ್ಮ್ ಅವರೇ ಮಾಡಿದ್ದರೂ, ಒಂದು ಕಣ್ಣನ್ನು ಅರೆ ಮುಚ್ಚಿದ ಕೂಡಲೇ ಒಳಗಿರುವುದು ಬೇರೆ ಯಾರೋ ಎಂದು ತಿಳಿದುಬಿಡುತ್ತದೆ.

ಹೆಚ್ಚು ದಿನ ಹಿಡಿದದ್ದು '2001: ಎ ಸ್ಪೇಸ್ ಒಡಿಸ್ಸಿ' (1968) ಚಿತ್ರದಲ್ಲಿ ಗಗನನೌಕೆಯನ್ನು ನೋಡಿಕೊಳ್ಳುವ ಕಂಪ್ಯೂಟರ್ ಹ್ಯಾಲ್ 9000. ಹ್ಯಾಲ್‌ಗೆ ಮುಖವಿಲ್ಲ, ಕೈಕಾಲಿಲ್ಲ; ಡಗ್ಲಸ್ ರೇನ್ ಅವರ ಸಮಾಧಾನದ ದನಿ ಮತ್ತು ನಡುವೆ ಹಳದಿ ಚುಕ್ಕೆಯಿರುವ ಕೆಂಪು ಮಸೂರ, ಇಷ್ಟೇ. ಅದಕ್ಕೆ ಕೇಳಿಸಬಾರದೆಂದು ಗಗನಯಾತ್ರಿಗಳಿಬ್ಬರು ಪುಟ್ಟ ನೌಕೆಯೊಳಗೆ ಬಾಗಿಲು ಹಾಕಿಕೊಂಡು ಮಾತನಾಡುವಾಗ ಕ್ಯಾಮೆರಾ ಸದ್ದಿಲ್ಲದೆ ಒಬ್ಬರ ತುಟಿಯಿಂದ ಇನ್ನೊಬ್ಬರ ತುಟಿಗೆ ಸರಿಯುತ್ತದೆ, ಯಾರೂ ವಿವರಿಸದಿದ್ದರೂ ಯಂತ್ರ ಓದಿಕೊಳ್ಳುತ್ತಿದೆ ಎಂದು ನಮಗೆ ಅರ್ಥವಾಗುತ್ತದೆ. ಈ ದೃಶ್ಯಕ್ಕೆ ನಿರೂಪಣೆಯ ದನಿಯನ್ನೇ ಹಾಕಿಲ್ಲ.

ಆ ಕಣ್ಣಿನ ಪ್ರಭಾವ ಎಲ್ಲಿಂದ ಬರುತ್ತದೆಂದು ತಿಳಿಯಲು ಒಂದು ಮಾದರಿಯನ್ನೂ ಮಾಡಿದೆ. ದಾವಣಗೆರೆಯ ಅಶೋಕ ರಸ್ತೆಯಲ್ಲಿ ಕೊಂಡ ಕೆಂಪು ಎಲ್‌ಇಡಿ, ಅರ್ಧಗೋಲದ ಅಕ್ರಿಲಿಕ್ ಮುಚ್ಚಳ, ಕಪ್ಪು ಬಣ್ಣ ಬಳಿದ ಡಬ್ಬಿ, ಬೆಳಕನ್ನು ಹೆಚ್ಚು ಕಡಿಮೆ ಮಾಡಲು ಒಂದು ತಿರುಗುಗುಂಡಿ. ಧ್ವನಿಗೆ ತಕ್ಕಂತೆ ಮಿನುಗಿಸಿದಾಗ ಪಕ್ಕದ ಮನೆಯ ಮಕ್ಕಳಿಗೆ ಅದು ಜಾತ್ರೆಯ ಆಟಿಕೆಯಾಗಿತ್ತು. ಬೆಳಕನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಿದೊಡನೆ ಅವರಲ್ಲಿ ಚಿಕ್ಕವಳು "ಅಂಕಲ್, ಅದು ನನ್ನೇ ನೋಡ್ತೈತಲ್ಲ" ಎಂದು ಹಿಂದೆ ಸರಿದಳು. ಮಿನುಗು ಗಮನವನ್ನು ಬೆಳಕಿನತ್ತ ಸೆಳೆಯುತ್ತದೆ, ಕದಲದ ಬೆಳಕು ನೋಡುವವರನ್ನೇ ನೋಡಿಸಿಕೊಳ್ಳುವವರನ್ನಾಗಿ ಮಾಡುತ್ತದೆ. ಈ ಹೋಲಿಕೆಯ ಚಿತ್ರೀಕರಣ ಆಗಿದೆ. ಧ್ವನಿಮುದ್ರಣ ಮಾತ್ರ ಬಾಕಿ, ಏಕೆಂದರೆ ರೈಲ್ವೆ ಗೇಟಿಗೆ ಹತ್ತಿರವಿರುವ ನಮ್ಮ ಮನೆಯಲ್ಲಿ ಎರಡು ರೈಲುಗಳ ನಡುವಿನ ಬಿಡುವನ್ನು ಕಾಯುವುದೇ ಒಂದು ಪ್ರತ್ಯೇಕ ಉದ್ಯೋಗ.

'ಟರ್ಮಿನೇಟರ್' (1984) ಕನ್ನಡಿಯೆದುರು ನಿಂತು ತನ್ನ ಕಣ್ಣನ್ನು ತಾನೇ ಕಿತ್ತುಕೊಳ್ಳುವ ಭಾಗವನ್ನು ಚಿಕ್ಕದಾಗಿ ಸೇರಿಸಿದ್ದೇನೆ. ಟಿ.ವಿ.ಯಿಂದ ಆರಿಸಿಕೊಂಡದ್ದು ತೊಂಬತ್ತರ ದಶಕದಲ್ಲಿ ಕೇಬಲ್‌ನಲ್ಲಿ ನಾವೆಲ್ಲ ನೋಡಿದ 'ಸ್ಮಾಲ್ ವಂಡರ್'. ಬೆನ್ನ ಮೇಲೆ ಫಲಕವಿರುವ, ಕಪಾಟಿನಲ್ಲಿ ನಿಂತು ರಾತ್ರಿ ಕಳೆಯುವ ಆ ರೋಬಾಟ್ ಹುಡುಗಿಯನ್ನು ಹಾಸ್ಯಕ್ಕೆಂದೇ ಸೃಷ್ಟಿಸಲಾಗಿತ್ತು. ಈಗ ನೋಡಿದರೆ ಆ ಕಪಾಟು ನನಗೆ ಕಸಿವಿಸಿ ಉಂಟುಮಾಡುತ್ತದೆ.

ದ್ವಿತೀಯಾರ್ಧ ನಮ್ಮ ಚಿತ್ರಗಳಿಗೆ ಮೀಸಲು. ಕನ್ನಡದ 'ಹಾಲಿವುಡ್' (2002) ಚಿತ್ರದಲ್ಲಿ ಉಪೇಂದ್ರ ಅವರ ಮೂರು ಪಾತ್ರಗಳಲ್ಲಿ ಒಂದು ಯಂತ್ರಮಾನವನದು, ತಮಿಳಿನ 'ಎಂದಿರನ್' (2010) ಚಿತ್ರದಲ್ಲಿ ವಿಜ್ಞಾನಿಯೂ ಯಂತ್ರವೂ ರಜನೀಕಾಂತ್ ಅವರೇ. ನಾಯಕನ ಮುಖವನ್ನೇ ಯಂತ್ರಕ್ಕೆ ಕೊಟ್ಟಾಗ ಅಭಿಮಾನಿಗಳ ಪ್ರೀತಿ ಅದಕ್ಕೆ ಪುಕ್ಕಟೆ ದೊರೆಯುತ್ತದೆ, ಆದರೆ ಯಂತ್ರದ ಅಪರಿಚಿತತೆ ಅಲ್ಲಿಗೆ ಮುಗಿಯುತ್ತದೆ ಎಂಬುದು ನನ್ನ ಆಕ್ಷೇಪ. ಮಲಯಾಳಂನ 'ಆಂಡ್ರಾಯ್ಡ್ ಕುಂಞಪ್ಪನ್' (2019) ಬೇರೆ ದಾರಿ ಹಿಡಿದಿದೆ: ಅಲ್ಲಿನ ರೋಬಾಟಿನ ಮುಖದಲ್ಲಿ ಭಾವವೇ ಇಲ್ಲ, ಅದಕ್ಕೆ ಜೀವ ಬರುವುದು ಅದನ್ನು ಮಗನಂತೆ ಹಚ್ಚಿಕೊಳ್ಳುವ ಮುದುಕನಾಗಿ ನಟಿಸಿರುವ ಸೂರಜ್ ವೆಂಜಾರಮೂಡ್ ಅವರ ಕಣ್ಣುಗಳಿಂದ. ಆದ್ದರಿಂದ ಕಾಲಾನುಕ್ರಮವನ್ನು ಬಿಟ್ಟು, ಹ್ಯಾಲ್ ಭಾಗ ಮುಗಿದೊಡನೆ ಇದನ್ನೇ ಇಡಲು ನಿರ್ಧರಿಸಿದ್ದೇನೆ. 'ಹಾಲಿವುಡ್' ಚಿತ್ರದ ಸ್ಪಷ್ಟವಾದ ಪ್ರತಿ ಸಿಕ್ಕರೆ ಉಳಿದ ಸಂಕಲನ ಆರಂಭವಾಗುತ್ತದೆ.