72ರ ಅಜ್ಜಿಯನ್ನು ನಾನು 66ಕ್ಕೆ ಇಳಿಸಿದ್ದೆ

ಡಬ್ಲಿನ್‌ನ ಒಂದು ಪತ್ರಾಗಾರದಲ್ಲಿ ಕೆಲಸಕ್ಕೆ ಸೇರಿದ ಹೊಸತು. ಪರದೆಯ ಒಂದು ಕಡೆ ಹಳೆಯ ಜನಗಣತಿ ಫಾರಂನ ಸ್ಕ್ಯಾನ್, ಇನ್ನೊಂದು ಕಡೆ ಅದನ್ನು ನೋಡಿ ಟೈಪ್ ಮಾಡಿದ ಪಟ್ಟಿ. ಎರಡನ್ನೂ ತಾಳೆ ನೋಡುವುದು ನನ್ನ ಕೆಲಸ.

ಐರ್ಲೆಂಡಿನ 1901 ಮತ್ತು 1911ರ ಫಾರಂಗಳು ಅವು. ಮನೆಗೊಂದು ಹಾಳೆ. ಮನೆ ಯಜಮಾನ ತುಂಬಬೇಕು. ಓದು ಬರಹ ಬಾರದಿದ್ದರೆ ಗಣತಿಗೆ ಬಂದ ಪೊಲೀಸನೇ ತುಂಬಿಕೊಡುತ್ತಿದ್ದ. ಆಗ ಸಹಿಯ ಜಾಗದಲ್ಲಿ ಒಂದು ಕತ್ತರಿ ಗುರುತು ಇರುತ್ತದೆ. ನಮ್ಮ ಕಡೆ ಹೆಬ್ಬೆಟ್ಟು ಒತ್ತುವ ಹಾಗೆ. ಆ ಎರಡು ಗೀರುಗಳಲ್ಲಿ ಕೈ ನಡುಗಿದ್ದು ಸಹ ಕಾಣಿಸುತ್ತದೆ.

ಗಾಲ್ವೇ ಕಡೆಯ ಒಂದು ಮನೆ. 1901ರಲ್ಲಿ ಆ ಮನೆಯ ಅಜ್ಜಿಗೆ 56 ವರ್ಷ. 1911ರ ಹಾಳೆಯಲ್ಲಿ 72. ಹತ್ತು ವರ್ಷದಲ್ಲಿ ಹದಿನಾರು ವಯಸ್ಸು ಹೇಗೆ ಏರುತ್ತದೆ? ಬರೆದವರು ತಪ್ಪಿದ್ದಾರೆ ಅಂದುಕೊಂಡು 72 ಅಳಿಸಿ 66 ಮಾಡಿದೆ. ಸಂಜೆಯ ಹೊತ್ತಿಗೆ ಅಂಥವು ಇನ್ನೂ ಎಷ್ಟೋ ಸಿಕ್ಕವು, ಎಲ್ಲವನ್ನೂ 'ಸರಿ' ಮಾಡಿದೆ. ಭಾಷೆಯ ಕಾಲಂ ಖಾಲಿ ಇದ್ದಲ್ಲೆಲ್ಲ 'ಮಾಹಿತಿ ಇಲ್ಲ' ಅಂತ ಸೇರಿಸಿದೆ. ಒಳ್ಳೆ ಕೆಲಸ ಮಾಡಿದೆ ಅಂತಲೇ ನಂಬಿದ್ದೆ.

ಮರುದಿನ ನಮ್ಮ ಸೀನಿಯರ್ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಬೈಯಲಿಲ್ಲ. "56 ಸರಿ, 72 ತಪ್ಪು ಅಂತ ನಿಮಗೆ ಹೇಗೆ ಗೊತ್ತಾಯಿತು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ವಿಷಯ ಬಿಡಿಸಿ ಹೇಳಿದರು. 1909ರ ಜನವರಿಯಲ್ಲಿ ಅಲ್ಲಿ ವೃದ್ಧಾಪ್ಯ ವೇತನ ಶುರುವಾಯಿತು. 70 ತುಂಬಿದವರಿಗೆ ವಾರಕ್ಕೆ 5 ಶಿಲಿಂಗ್‌ವರೆಗೆ. ಬಡವರಿಗೆ ಅದು ದೊಡ್ಡ ಹಣ. ಆದರೆ ಐರ್ಲೆಂಡಿನಲ್ಲಿ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ. 70 ದಾಟಿದ ಯಾರ ಹತ್ತಿರವೂ ಜನನ ಪತ್ರ ಇರಲು ಸಾಧ್ಯವೇ ಇಲ್ಲ. ಹಾಗಾಗಿ ಕೆಲವರು 1839ರ ಜನವರಿ 6ರ ರಾತ್ರಿ ಬೀಸಿದ 'ದೊಡ್ಡ ಗಾಳಿ' ತಮಗೆ ನೆನಪಿದೆ ಎಂದು ಹೇಳಿ ವಯಸ್ಸು ತೋರಿಸಿಕೊಂಡರು. ಕೆಲವರಿಗೆ ತಮ್ಮ ವಯಸ್ಸು ಎಷ್ಟು ಅಂತಲೇ ಗೊತ್ತಿರಲಿಲ್ಲ. ಕೆಲವರು ನಾಲ್ಕು ವರ್ಷ ಜಾಸ್ತಿ ಹೇಳಿರಲೂಬಹುದು. ಹೊಟ್ಟೆಪಾಡು, ಅಲ್ವಾ?

ನಾನು ಅಳಿಸಿದ್ದು ಬರೀ ಒಂದು ಅಂಕಿ ಅಲ್ಲ. ಆ ಕಾಲದ ಬಡತನದ ಗುರುತನ್ನೇ ಅಳಿಸುತ್ತಿದ್ದೆ.

ಖಾಲಿ ಕಾಲಂ ಕಥೆಯೂ ಹಾಗೇ. ಐರಿಷ್ ಮಾತ್ರ ಬಂದರೆ 'ಐರಿಷ್' ಅಂತ, ಎರಡೂ ಬಂದರೆ 'ಐರಿಷ್ ಮತ್ತು ಇಂಗ್ಲಿಷ್' ಅಂತ ಬರೆಯಬೇಕು, ಉಳಿದವರದ್ದು ಖಾಲಿ ಬಿಡಬೇಕು ಅಂತ ಫಾರಂನಲ್ಲೇ ಅಚ್ಚಾಗಿದೆ. ಖಾಲಿ ಬಿಟ್ಟದ್ದೇ ಉತ್ತರ. ಅದನ್ನು ನಾನು ಓದಿಯೇ ಇರಲಿಲ್ಲ.

ಅವತ್ತು ಅವರು ತೋರಿಸಿದ ಇನ್ನೊಂದು ಚೀಟಿ ನನಗೆ ಮರೆಯುವುದಿಲ್ಲ. ವಯಸ್ಸು ಖಾತ್ರಿ ಮಾಡಲು 1841 ಮತ್ತು 1851ರ ಗಣತಿ ಪುಸ್ತಕದಲ್ಲಿ ಹುಡುಕಿಸುವ ವ್ಯವಸ್ಥೆ ಇತ್ತು. ಅರ್ಜಿ ಹಾಕಿದವರು ಅಪ್ಪ ಅಮ್ಮನ ಹೆಸರು, ಊರು ಕೊಡುತ್ತಿದ್ದರು. ಗುಮಾಸ್ತರು ಹುಡುಕಿ, ಸಿಕ್ಕಿದ್ದನ್ನು ಫಾರಂನಲ್ಲಿ ಬರೆಯುತ್ತಿದ್ದರು, ಸಿಗದಿದ್ದರೆ ಸಿಗಲಿಲ್ಲ ಅಂತ. ಸುಮ್ನೆ ಕಚೇರಿಯ ದಿನನಿತ್ಯದ ಕೆಲಸ. ಆದರೆ 1922ರ ಜೂನ್ 30ರಂದು, ಅಂತರ್ಯುದ್ಧದ ಹೊತ್ತಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆ ಕಚೇರಿ ಸ್ಫೋಟದಲ್ಲಿ, ಬೆಂಕಿಯಲ್ಲಿ ಹೋಯಿತು. ಏಳು ಶತಮಾನದ ಕಾಗದ. 1821ರಿಂದ 1851ರವರೆಗಿನ ಗಣತಿ ಹೆಚ್ಚುಕಡಿಮೆ ಪೂರ್ತಿ ಸುಟ್ಟಿತು. 1861, 1871ರದ್ದನ್ನು ಸರ್ಕಾರವೇ ಮೊದಲೇ ನಾಶ ಮಾಡಿತ್ತು. 1881, 1891ರದ್ದು ಮೊದಲ ಮಹಾಯುದ್ಧದ ವೇಳೆ ರದ್ದಿಯಾಗಿತ್ತು. ಎಷ್ಟೋ ಕುಟುಂಬಗಳ ಮಟ್ಟಿಗೆ 1841ರ ಗಣತಿಯಿಂದ ಈಗ ಉಳಿದಿರುವುದು ಆ ಗುಮಾಸ್ತ ಇಳಿಸಿಕೊಂಡ ನಾಲ್ಕು ಸಾಲು ಮಾತ್ರ. ಅವನು ಜಾಣತನ ತೋರಿಸಿ ಏನಾದರೂ 'ಸರಿ' ಮಾಡಿದ್ದರೆ ಇವತ್ತು ಹಿಡಿಯಲು ಯಾವ ದಾರಿಯೂ ಇಲ್ಲ.

ಎಲ್ಲವನ್ನೂ ವಾಪಸ್ ಮೊದಲಿನಂತೆ ಮಾಡಲು ನನಗೆ ಎರಡು ದಿನ ಹಿಡಿಯಿತು. ಈಗ ಪಟ್ಟಿಯ ಕೊನೆಯಲ್ಲಿ ಒಂದು ಷರಾ ಕಾಲಂ ಇಟ್ಟುಕೊಂಡಿದ್ದೇನೆ. ನನ್ನ ಅನುಮಾನ, ನನ್ನ ಊಹೆ ಎಲ್ಲ ಅಲ್ಲಿ. ಮೂಲದಲ್ಲಿ 72 ಇದ್ದರೆ ಪಟ್ಟಿಯಲ್ಲೂ 72.

ಅವತ್ತು ರಾತ್ರಿ ಊರಿಗೆ ಫೋನ್ ಮಾಡಿದೆ. ನಮ್ಮಪ್ಪನ ಹುಟ್ಟಿದ ದಿನ ಎಲ್ಲ ಕಾಗದದಲ್ಲೂ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು. "ನಿಜವಾಗಿ ಯಾವಾಗಪ್ಪ ಹುಟ್ಟಿದ್ದು?" ಅಂತ ಕೇಳಿದೆ. "ಯಾರಿಗೆ ಗೊತ್ತು ಮಗಾ. ಆ ವರ್ಷ ಕೆರೆ ಕೋಡಿ ಬಿದ್ದಿತ್ತು ಅಂತ ನಿಮ್ಮಜ್ಜಿ ಹೇಳ್ತಿದ್ರು" ಅಂದರು. ಡೈರಿಯಲ್ಲಿ ಜೂನ್ 1ನ್ನು ಹಾಗೇ ಬಿಟ್ಟು, ಅದರ ಪಕ್ಕ ಕೆರೆ ಕೋಡಿ ಬಿದ್ದ ಮಾತನ್ನೂ ಬರೆದಿಟ್ಟುಕೊಂಡೆ.